ತೊಂದರೆ ಕೇಳಿಕೊಂಡು ಬಂದವರು

ಕೊಡ ಅರ್ಧ ತುಂಬಿತ್ತು. ಅಷ್ಟರಲ್ಲಿ ನಲ್ಲಿ ಕೆಮ್ಮಿ ಸುಮ್ಮನಾಯಿತು. ಹೂವಮ್ಮ ಅದರ ಮೂತಿ ತಟ್ಟಿ ನೋಡುತ್ತಿರುವಾಗಲೇ ಮಗಳು ನಯನ ಕಾಲೇಜಿನ ಮೇಷ್ಟ್ರನ್ನು ಕರೆದುಕೊಂಡು ಅಂಗಳಕ್ಕೆ ಬಂದಳು. ಹಿಂದೆ ಅವಳ ತಂಡದ ಹುಡುಗ ಪ್ರದೀಪನೂ ಇದ್ದ.

"ನಮಸ್ಕಾರ ಅಮ್ಮಾ. ನಾನು ತೀರ್ಥೇಶ್. ಶಿಕಾರಿಪುರದಲ್ಲಿ ಇವರಿಗೆ ಸ್ಟಾರ್ಟಪ್ ಪಾಠ ಮಾಡ್ತೀನಿ," ಎಂದು ಮೇಷ್ಟ್ರು ಕಟ್ಟೆಯ ಮೇಲೆ ಕೂತರು. "ನಿಮ್ಮಿಂದ ಒಂದು ತೊಂದರೆ ಬೇಕಿತ್ತು."

ಪಕ್ಕದ ಮನೆಯವರು ಹೆಪ್ಪು ಕೇಳಿದ ಹಾಗಿತ್ತು. ಹೂವಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಏನೂ ತೊಂದ್ರೆ ಇಲ್ರೀ ಸರ್. ದೇವ್ರು ಚಲೋ ಇಟ್ಟಾನೆ. ಕೂತಿರ್ರೀ, ಚಾ ಇಡ್ತೀನಿ."

ಚಹಾದ ಹೆಸರು ಕೇಳಿ ತೀರ್ಥೇಶರ ಮುಖ ಸಪ್ಪಗಾಯಿತು. ಬಳ್ಳಿಗಾವಿಯ ಆ ಬೀದಿಯುದ್ದಕ್ಕೂ ಬೆಳಗಿನಿಂದ ಪ್ರತಿ ಮನೆಯಲ್ಲಿ ಚಹಾ ಸಿಕ್ಕಿತ್ತು, ತೊಂದರೆ ಸಿಕ್ಕಿರಲಿಲ್ಲ. ಅವರ ಪಾಠ ಶುರುವಾಗುವುದೇ ತೊಂದರೆಯಿಂದ. ಮೊದಲು ಜನರ ತೊಂದರೆ ಹುಡುಕಬೇಕು, ಆಮೇಲೆ ಅದಕ್ಕೆ ತಂತ್ರಜ್ಞಾನದಿಂದ ಪರಿಹಾರ, ಪರಿಹಾರದಿಂದ ಕಂಪನಿ. ಆದರೆ ತೊಂದರೆಯನ್ನು ಅನುಭವಿಸುವವರೇ ಬಾಯಿಬಿಟ್ಟು ಹೇಳಬೇಕು, ಅದು ಮೊಬೈಲಿನಲ್ಲಿ ರೆಕಾರ್ಡ್ ಆಗಬೇಕು, ಮನೆಯವರು ಹೇಳಿಕೊಡಬಾರದು. ಉಳಿದ ತಂಡಗಳು ಆಗಲೇ ಒಂದೊಂದು ತೊಂದರೆ ಹಿಡಿದುಕೊಂಡಿದ್ದವು. ಮಧ್ಯಾಹ್ನದೊಳಗೆ ಸಿಗದಿದ್ದರೆ ನಯನಳ ತಂಡ ಆ ವಿಷಯದಲ್ಲಿ ಫೇಲು, ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ.

ನಯನ ಮೊಬೈಲು ಎತ್ತಿ ಹಿಡಿದಳು. ಮಾತಾಡುವಂತಿರಲಿಲ್ಲವಾದ್ದರಿಂದ ತಾಯಿಗೆ ಕಣ್ಣಲ್ಲೇ ನಲ್ಲಿಯನ್ನು ತೋರಿಸಿದಳು. ಪ್ರದೀಪನಿಗೂ ಅದು ಕಂಡಿತು.

"ಅಮ್ಮಾ, ನೀರು ನಿಂತೋಯ್ತಲ್ಲ?"

"ನಿಲ್ತೈತಪ್ಪ. ಹಂಗಂತ ಹೇಳಾಕಾಗ್ತೈತಾ? ನೀರು ಬಿಡೋ ಉಜ್ಜಪ್ಪ ನಮ್ಮ ತವರಿನ ಕಡೆಯೋನು. ನಾಳೆ ಮೊಬೈಲಾಗೆ ನೋಡಿದ್ರೆ ಏನಂದ್ಕಂತಾನೆ."

"ಕರೆಂಟು?"

"ಲೈನ್‌ಮನ್ ಹಬ್ಬಕ್ಕೆ ಉಣ್ಣೋದೇ ನಮ್ಮನೇಲಿ."

"ಬಸ್ಸು?"

"ಡ್ರೈವರು ಪಕ್ಕದ್ಮನೆ ಸುಂಕಲಮ್ಮನ ಅಳಿಯ. ಪಾಪ, ಬಸ್ ನಿಲ್ಸಿ ನನ್ನ ಮಂಡಿನೋವು ವಿಚಾರಿಸ್ತಾನೆ. ಅದಕ್ಕೇ ತಡ ಆಗೋದು."

"ಮಂಡಿನೋವಾ?" ತೀರ್ಥೇಶ್ ಮುಂದಕ್ಕೆ ಬಾಗಿದರು.

"ಬರೀಬ್ಯಾಡ್ರೀ ಸರ್. ನಮ್ಮತ್ತೆ ದಿನಾ ಎಣ್ಣೆ ಹಚ್ತಾರೆ. ನೋವು ಹೋಗಿಲ್ಲ ಅಂದ್ರೆ ಅವರ ಎಣ್ಣೆಗೆ ಅವಮಾನ."

ತೀರ್ಥೇಶ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಊರಿನಲ್ಲಿ ತೊಂದರೆಗಳಿಗೆ ಕೊರತೆಯಿರಲಿಲ್ಲ. ಆದರೆ ಪ್ರತಿಯೊಂದು ತೊಂದರೆಯೂ ಯಾರಿಗೋ ನೆಂಟನಾಗಿತ್ತು.

"ಅಮ್ಮಾ, ಯಾರಿಗೂ ಬೇಜಾರಾಗದಂಥ ಒಂದು ಸಣ್ಣ ತೊಂದರೆ ಸಾಕು. ನಿಮ್ಮ ಮಗಳ ವರ್ಷ ಉಳೀತದೆ," ಎಂದು ಬೇಡಿಕೊಂಡರು.

ಮಗಳ ವರ್ಷ ಎಂದದ್ದೇ ಹೂವಮ್ಮ ಯೋಚನೆಗೆ ಬಿದ್ದಳು. ಯಾರ ಹೆಸರು ಹೇಳಿದರೆ ಬೇಜಾರಾಗುವುದಿಲ್ಲ? ಏನಂದರೂ ಮುನಿಸು ಬೆಳೆಸದೆ, ಸಂಜೆಯ ಹೊತ್ತಿಗೆ ಮತ್ತೆ ತನ್ನ ಪಕ್ಕದಲ್ಲೇ ಬಂದು ಕೂರುವಂಥವರು ಇಡೀ ಊರಿಗೆ ಒಬ್ಬರೇ ಇದ್ದರು. ಅವಳು ಸೆರಗು ಸರಿಮಾಡಿಕೊಂಡು, ಮೊಬೈಲನ್ನೇ ನೋಡುತ್ತ, ಬಹಳ ಪ್ರೀತಿಯಿಂದ ಹೇಳಿದಳು.

"ನನಗೆ ತೊಂದ್ರೆ ಅಂದ್ರೆ ನನ್ನ ಮಗಳು ನಯನ ರೀ."

"ಬಂತು ಸರ್," ಎಂದ ಪ್ರದೀಪ.

ತೀರ್ಥೇಶ್ ಎದ್ದೇ ನಿಂತರು. "ಬಿಡಿಸಿ ಹೇಳಿ ಅಮ್ಮಾ, ಬಿಡಿಸಿ ಹೇಳಿ."

"ಬೆಳಿಗ್ಗೆ ಎಬ್ಬಿಸ್ಬೇಕು. ಕರೆದ್ರೆ ಓ ಅಂತಾಳೆ, ಬರಲ್ಲ. ಬಸ್ಸಿಳಿದು ಬರೋತನಕ ನಾನು ಬಾಗ್ಲಲ್ಲೇ ಕೂತಿರ್ಬೇಕು. ಅವಳು ಉಣ್ಣದಿದ್ರೆ ನಂಗೂ ಸೇರಲ್ಲ." ಮೇಷ್ಟ್ರು ತಲೆಯಾಡಿಸುತ್ತಿರುವುದನ್ನು ನೋಡಿ, ಮಾರ್ಕು ಇನ್ನಷ್ಟು ಬರಲೆಂದು ಹೂವಮ್ಮ ಇಲ್ಲದ್ದನ್ನೂ ಒಂದೆರಡು ಸೇರಿಸಿದಳು.

"ಯಾವ ತಂಡದ ಹತ್ರನೂ ಇಂಥದ್ದಿಲ್ಲ," ಎಂದು ತೀರ್ಥೇಶ್ ಪ್ರದೀಪನ ಬೆನ್ನು ತಟ್ಟಿದರು. "ಯೋಚನೆ ಮಾಡೋ. ಇಲ್ಲಿಂದ ಸೊರಬದವರೆಗೆ ಎಷ್ಟು ಮನೆಯಲ್ಲಿ ಈ ತೊಂದರೆ ಇರಬಹುದು? ಮಾರ್ಕೆಟ್ ಬಹಳ ದೊಡ್ಡದು."

ಗೋಡೆಯಾಚೆಯಿಂದ ಸುಂಕಲಮ್ಮನ ತಲೆ ಮೇಲೆದ್ದಿತು. "ನಮ್ಮನೇಲೂ ಒಂದೈತ್ರೀ ಸರ್. ಇದಕ್ಕಿಂತ ದೊಡ್ಡದು. ಬಂದು ನೋಡ್ರೀ."

"ಬರ್ತೀವಿ ಅಮ್ಮಾ, ಬರ್ತೀವಿ. ಮೊದಲು ಇದನ್ನ ಮುಗಿಸ್ತೀವಿ."

ಪ್ರದೀಪ ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಿನಲ್ಲಿ ಚೌಕ ಎಳೆದು ಒಳಗೆ 'ನಯನ' ಎಂದು ಬರೆದ. ಅಲ್ಲಿಂದೊಂದು ಬಾಣ ಹೊರಟು ಎರಡನೆಯ ಚೌಕಕ್ಕೆ ಹೋಯಿತು. ಅದರಲ್ಲಿ 'ಪರಿಹಾರ'. ಅಲ್ಲಿಂದ ಇನ್ನೊಂದು ಬಾಣ, ಮೂರನೆಯ ಚೌಕ. ಅದರಲ್ಲಿ ಒಂದು ಮನೆಯ ಚಿತ್ರ, ಬಾಗಿಲಲ್ಲಿ ಸೆರಗು ಹೊದ್ದು ನಗುತ್ತಿರುವ ಹೆಂಗಸು.

"ಪಾಸಾದ್ಲಾ ಸರ್?" ಹೂವಮ್ಮ ಮೆಲ್ಲಗೆ ಕೇಳಿದಳು.

"ಪಾಸೇ ಅಮ್ಮಾ. ಇನ್ನು ಪರಿಹಾರ ಒಂದು ಕಂಡುಹಿಡಿದರೆ ಶಿವಮೊಗ್ಗದ ಸ್ಪರ್ಧೆಗೂ ಹೋಗಬಹುದು."

ಹೂವಮ್ಮನ ಜೀವ ಹಗುರಾಯಿತು. ಈಗಲಾದರೂ ಚಹಾ ಇಡೋಣವೆಂದು ಒಳಗೆ ಹೊರಟವಳು ಮಗಳನ್ನು ನೋಡಿ ನಿಂತಳು. ನಯನ ಮೊಬೈಲನ್ನು ಕೆಳಗಿಳಿಸಿ ಮೂರನೆಯ ಚೌಕವನ್ನೇ ನೋಡುತ್ತಿದ್ದಳು. ಮನೆಯಿತ್ತು, ಬಾಗಿಲಿತ್ತು, ಬಾಗಿಲಲ್ಲಿ ತಾಯಿ ಒಬ್ಬಳೇ ಇದ್ದಳು. ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಡದ ಹುಡುಗಿ ಕೈ ಎತ್ತಿದಳು.

"ಸರ್, ನಾನು ಬಗೆಹರಿದ ಮೇಲೆ ಎಲ್ಲಿರ್ತೀನಿ?"