ಮೊದಲು ಸಾಕು ಅಂದವರು

ಹದಿನಾಲ್ಕನೆಯ ತಟ್ಟೆ ಬಂದಾಗ ಗಡಿಯಾರ ರಿಪೇರಿಯವನು ಬೆಲ್ಟನ್ನು ಎರಡನೆಯ ಸಲ ಸಡಿಲಿಸಿದ. ಎದುರಿಗಿದ್ದ ದಪ್ಪ ಮೀಸೆಯ ಮಾವ ಮಾತ್ರ ಆಗಷ್ಟೇ ಊಟಕ್ಕೆ ಕೂತವರಂತೆ ನಿಧಾನವಾಗಿ ಅಗಿಯುತ್ತಿದ್ದರು.

ಹಾಗೆ ನೋಡಿದರೆ ಇನ್ನೂ ಮಾವ ಆಗಿರಲಿಲ್ಲ. ಆಗುವುದೋ ಬಿಡುವುದೋ ಈ ಊಟದ ಮೇಲೆ ನಿಂತಿತ್ತು. "ಅಪ್ಪ ಒಪ್ಪಿದ್ರೆ ಮದುವೆ, ಇಲ್ದಿದ್ರೆ ಇಲ್ಲ," ಎಂದಿದ್ದಳು ಹುಡುಗಿ. ಅವಳು ನರ್ಸು, ಇವತ್ತು ಡ್ಯೂಟಿ ಇತ್ತು. "ಕಿಟಕಿ ಪಕ್ಕ ಕೂತಿರ್ತಾರೆ, ದಪ್ಪ ಮೀಸೆ. ಊಟ ಬೇಡ ಅನ್ನೋರನ್ನ ಕಂಡ್ರೆ ಅವರಿಗಾಗಲ್ಲ. ನೀವಾಗಿ ಸಾಕು ಅನ್ನಬೇಡಿ."

ಎಷ್ಟು ಬೇಕಾದರೂ ತಿನ್ನಬಹುದಾದ ಸುಶಿ ಹೋಟೆಲು ಅದು. ಇವನೋ ಹಸಿಮೀನೆಂದರೆ ಮೂಗು ಮುರಿಯುವವನು. ಆದರೂ ಬಂದವನೇ ಫೋನು ಆರಿಸಿ, ಕೈ ಮುಗಿದು, "ಮಾವ, ನಾನೇ ಬರಬೇಕಾಗಿದ್ದವನು," ಎಂದಿದ್ದ.

"ಬಾ, ನಿನಗೇ ಕಾಯ್ತಿದ್ದೆ. ಮಾವ ಗೀವ ಅಂತ ಸಲಿಗೆ ತೋರಿಸಿದ್ರೆ ಬಿಟ್ಟುಕೊಡೋ ಆಸಾಮಿ ಅಲ್ಲ ನಾನು. ಮೊದಲು ಸಾಕು ಅಂದವನ ಕಥೆ ಮುಗೀತು, ತಿಳೀತಾ?"

ಹುಡುಗಿ ಹೇಳಿದ್ದು ಸುಳ್ಳಲ್ಲ ಎಂದುಕೊಂಡು ಇವನು ತಲೆಯಾಡಿಸಿದ್ದ.

ಸುಶಿ ಆಯಿತು, ನೂಡಲ್ಸ್ ಆಯಿತು, ಮತ್ತೆ ಸುಶಿ. ಬಡಿಸುವಾಕೆ ಖಾಲಿ ತಟ್ಟೆ ಒಯ್ಯದೆ ಇಬ್ಬರ ಪಕ್ಕದಲ್ಲೂ ಪೇರಿಸುತ್ತಿದ್ದಳು. ಗಂಡಿನ ಯೋಗ್ಯತೆಗೆ ಸಾಕ್ಷಿ ಬೇಕಲ್ಲ, ಪೇರಿಸಲಿ. ತಟ್ಟೆಯಂಚಿನ ಹಸಿರು ಖಾರದ ಉಂಡೆಯನ್ನು ಸಿಹಿಯೆಂದು ಇಡಿಯಾಗಿ ಬಾಯಿಗೆ ಹಾಕಿಕೊಂಡ. ನೆತ್ತಿಗೇರಿತು. ಕಣ್ಣು ಮೂಗು ಒರೆಸಿಕೊಳ್ಳುತ್ತಲೇ "ಚೆನ್ನಾಗಿದೆ" ಎಂದ. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ನಾಲಗೆಯೂ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು.

"ಹೋದ ವರ್ಷ ಆರು ಜನ ಬಂದಿದ್ರು," ಎಂದರು ಮಾವ. "ಎಲ್ಲಾ ಅರ್ಧಕ್ಕೇ ಎದ್ದು ಓಡಿದ್ರು."

ಆರು ಗಂಡುಗಳೇ? ಹುಡುಗಿ ಈ ವಿಷಯ ಬಾಯೇ ಬಿಟ್ಟಿರಲಿಲ್ಲ. ಹೊಟ್ಟೆಕಿಚ್ಚಿಗೆ ಇನ್ನೆರಡು ತಟ್ಟೆ ಕರಗಿ ಹೋದವು.

ಇಪ್ಪತ್ತೊಂದನೆಯ ತಟ್ಟೆಗೆ ಮಾವನ ಕೈಯಿಂದ ಕಡ್ಡಿಗಳು ಜಾರಿದವು. "ಸಾಕು," ಎಂದರು, ತೀರಾ ಸಣ್ಣ ದನಿಯಲ್ಲಿ. "ಇಷ್ಟು ವರ್ಷ ಜೋಪಾನ ಮಾಡಿದ್ದೆ. ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಇವತ್ತು ನಿನಗೆ ಬಿಟ್ಟುಕೊಟ್ಟೆ ಕಣಪ್ಪ."

ಸುತ್ತಲಿನ ಟೇಬಲ್ಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಎಂಥ ಒಳ್ಳೆಯ ಜನ, ಗುರುತು ಪರಿಚಯ ಇಲ್ಲದವನ ಮದುವೆಗೂ ಇಷ್ಟು ಸಂಭ್ರಮ. ಇವನಿಗೆ ಗಂಟಲು ತುಂಬಿ ಬಂತು, ಅರ್ಧ ಸಂತೋಷಕ್ಕೆ, ಅರ್ಧ ಮೀನಿಗೆ. ಹುಡುಗಿಗೆ ಸುದ್ದಿ ಮುಟ್ಟಿಸೋಣವೆಂದು ಫೋನು ಆನ್ ಮಾಡಿದ. ಅಷ್ಟರಲ್ಲಿ ಅವಳದೇ ಕರೆ ಬಂತು.

"ಎಲ್ಲಿ ಹಾಳಾಗಿ ಹೋಗಿದ್ರಿ? ಅಪ್ಪ ಎರಡು ಗಂಟೆ ಕಾದು ಮನೆಗೆ ವಾಪಸ್ ಹೋಗಿದ್ದಾರೆ. ಪಕ್ಕದ ಟೇಬಲ್ಲಲ್ಲಿ ಅದೇನೋ ತಿನ್ನೋ ಪಂದ್ಯ ನಡೀತಿತ್ತಂತೆ. ಅಲ್ಲಿ ಕೂತಿದ್ದ ಬಕಾಸುರನ್ನ ಕಟ್ಕೊಳ್ಳೋ ಹೆಣ್ಣಿನ ಗತಿ ಏನಪ್ಪಾ ಅಂತ, ಪಾಪ, ಆಗಿನಿಂದ ಮರುಗ್ತಾ ಕೂತಿದ್ದಾರೆ."