ಅವ್ವ ಹಚ್ಚಿದ ಹುಲ್ಲು

ಒಣಮೆಣಸಿನಕಾಯಿಯ ಚೀಲ ಬಿಚ್ಚಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಹಸಿ ಹುಲ್ಲಿನ ವಾಸನೆ.

ಬ್ಯಾಡಗಿಯ ನಮ್ಮ ಮನೆಯ ಮುಂದೆ, ನಮಗಿಂತ ಮೊದಲು ಅಲ್ಲಿದ್ದವರು ಬೆಳೆಸಿ ಬಿಟ್ಟುಹೋದ ಹುಲ್ಲುಹಾಸಿನ ತುಂಬ ಮೊಣಕಾಲೆತ್ತರ ಕಸ ಬೆಳೆದಿತ್ತು. ಎಂದೂ ಒಂದು ಗಿಡ ನೆಟ್ಟಿರದ ಅವ್ವ ಅದನ್ನೆಲ್ಲ ಕಿತ್ತು, ನೆಲ ಅಗೆದು, ಹೊಸ ಹುಲ್ಲು ಹಚ್ಚಿದಳು.

"ಹುಲ್ಲ ಕಿತ್ತು ಹುಲ್ಲ ಹಚ್ಚೋದು ನಾ ಎಲ್ಲೂ ನೋಡಿಲ್ಲ," ಎಂದು ಅಪ್ಪನ ತಾಯಿ, ನಮ್ಮಜ್ಜಿ, ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಓಣಿಯ ಆಡುಗಳು ಬಂದು ಮೇಯಬಾರದೆಂದು ಅವ್ವ ಅಪ್ಪನ ಮೆಣಸಿನಕಾಯಿ ಅಂಗಡಿಯಲ್ಲಿ ಗುಡಿಸಿದ ಖಾರದ ಧೂಳು ತಂದು ಹುಲ್ಲಿನ ಮೇಲೆಲ್ಲ ಉದುರಿಸಿದಳು.

ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ ನೋಡಿದರೆ ಹುಲ್ಲಿನ ನಡುವೆ ಎಲ್ಲೆಲ್ಲೂ ಬೇರೆ ಚಿಗುರು.

"ಕಸ ಮತ್ತ ಬಂತು," ಎಂದು ಅವ್ವ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು.

ಅಜ್ಜಿ ಕಟ್ಟೆ ಇಳಿದು ಬಂದಳು. ಇನ್ನು ಬೈಗುಳವೇ ಎಂದುಕೊಂಡೆ. ಅವಳು ಒಂದು ಸಸಿ ಕಿತ್ತು, ಎಲೆ ತಿಕ್ಕಿ ಮೂಸಿ ನೋಡಿದಳು.

"ಕಸ ಅಲ್ಲ ತಂಗಿ, ಮೆಣಸಿನಕಾಯಿ ಸಸಿ. ನೀ ಹಾಕಿದ ಧೂಳಿನ್ಯಾಗ ಬೀಜ ಇದ್ದಾವು. ತಗದು ಹಿತ್ತಲದಾಗ ಹಚ್ಚೂಣು. ನಿನ್ನ ಹುಲ್ಲಿಗೆ ಏನೂ ಆಗಿಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

ಆ ಸಂಜೆ ಚಹಾ ಕುಡಿಯುವಾಗ ಅಜ್ಜಿ ಕಟ್ಟೆಯ ಮೇಲೆ ತುಸು ಸರಿದು, ಅವ್ವನಿಗೆ ಜಾಗ ಮಾಡಿಕೊಟ್ಟಳು.