ಮೂರು ರುಜು

ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡುವ ಆ ಸಚಿವಾಲಯದಲ್ಲಿ ಈ ಅಧಿಕಾರಿಯ ರುಜುವಿಲ್ಲದೆ ಯಾರ ಫೋನನ್ನೂ ಕದ್ದಾಲಿಸುವಂತಿರಲಿಲ್ಲ. ನಿವೃತ್ತರಾದ ಮರುವಾರವೇ ಅವರು ಒಬ್ಬ ಮುದುಕಿಯ ಮನೆ ಹುಡುಕಿಕೊಂಡು ಬಂದರು.

“ತಪ್ಪೊಪ್ಕೊಳ್ಳೋಕೆ ಬಂದೆ ತಾಯಿ. ಯಾರದೋ ನಂಬರಿನ ಬದಲು ನಿಮ್ಮ ನಂಬರು ಟೈಪಾಗಿತ್ತು. ಎರಡು ತಿಂಗಳಿಗೊಮ್ಮೆ ಅನುಮತಿ ಮುಂದುವರಿಸೋಕೆ ಆ ಫೈಲು ನನ್ನ ಮುಂದೆ ಬರೋದು. ಓದದೇ ಮೂರು ಸಲ ರುಜು ಹಾಕಿದೆ. ಹೋದ ವರ್ಷ ಆರು ತಿಂಗಳು ನಮ್ಮವರು ನಿಮ್ಮ ಫೋನಿನ ಮಾತೆಲ್ಲ ಕೇಳಿದಾರೆ.”

ಆಕೆ ನಕ್ಕುಬಿಟ್ಟರು. “ಅದರಲ್ಲಿ ಕೇಳೋಕೆ ಏನಿತ್ತು ಸ್ವಾಮಿ? ತಂಗಿ ಹತ್ರ ಮಂಡಿನೋವು, ಉಪ್ಪಿನಕಾಯಿ ಅಂತ ಹರಟೆ ಹೊಡೀತಿದ್ದೆ, ಅಷ್ಟೇ. ಕಾಫಿ ಕುಡೀರಿ.”

ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದಂತಾಗಿ ಅವರು ಲೋಟ ಎತ್ತಿಕೊಂಡರು.

ಆಕೆಯ ನಗು ಮೆಲ್ಲಗೆ ನಿಂತಿತು. “ಯಾವ ಆರು ತಿಂಗಳು?”

“ಜೂನಿಂದ ನವೆಂಬರ್‌ವರೆಗೆ.”

“ಅಂದ್ರೆ ಆಗಸ್ಟಲ್ಲಿ ನಮ್ಮ ಯಜಮಾನ್ರು ಎದೆ ಹಿಡ್ಕೊಂಡು ಬಿದ್ದಾಗ, ಆಂಬುಲೆನ್ಸ್ ಕಳಿಸಿ ಅಂತ ನಾನು ಒಂದೂವರೆ ಗಂಟೆ ಫೋನಲ್ಲಿ ಗೋಗರೆದಿದ್ದನ್ನೂ ನಿಮ್ಮವರು ಸುಮ್ನೆ ಕೇಳ್ತಾ ಕೂತಿದ್ರಾ?”